ರೊಕ್ಕದ ಇಂಗ್ಲಿಷ್ ಕಲಿಸಿದ ಅಕ್ಕೋರು

ಅಕ್ಕೋರು ತೀರಿಕೊಂಡರೆಂದು ಫೋನು ಬಂದಾಗ ನಾನು ಮೆಂತ್ಯಪಲ್ಲೆ ಸೋಸುತ್ತ ಕೂತಿದ್ದೆ. ಫೋನು ಇಟ್ಟು, ಉಳಿದ ಪಲ್ಲೆಯನ್ನೂ ಸೋಸಿ, ಕಡ್ಡಿ ಬೇರುಗಳನ್ನು ಬುಟ್ಟಿಗೆ ಸುರಿದು, ಕೈ ತೊಳೆದುಕೊಂಡು, ಆಮೇಲೆ ಮನೆಯವರಿಗೆ ಹೇಳಿದೆ. ಅಳು ಬರಲಿಲ್ಲ. ಮಾತಿಗೊಮ್ಮೆ ಸಿಟ್ಟಿಗೇಳುವ ಹೆಂಗಸು ನಾನು. ಅವತ್ತು ಸಿಟ್ಟೂ ಬರಲಿಲ್ಲ. ಮತ್ತೆ ಸಾಲಿಗೆ ಹೊರಟ ದಿನ ಬಸ್ಸಿನಲ್ಲಿ ಅವರು ಕೂರುತ್ತಿದ್ದ ಜಾಗದಲ್ಲಿ ಯಾರೋ ಬದನೆಕಾಯಿಯ ಚೀಲ ಇಟ್ಟಿದ್ದರು. ಅದನ್ನೇ ನೋಡುತ್ತ ಸಾಲಿಯ ಊರು ಮುಟ್ಟಿದೆ. ಕಾಲು ಮಡಚಿ ಬಹಳ ಹೊತ್ತು ಕೂತರೆ ಜೋಮು ಹಿಡಿಯುತ್ತದಲ್ಲ, ಈಗಲೂ ಒಳಗೆಲ್ಲ ಹಾಗೇ ಇದೆ.

ನಮ್ಮ ಕಡೆ ಸಾಲಿಯಲ್ಲಿ ಕಲಿಸುವ ಹೆಣ್ಣುಮಕ್ಕಳಿಗೆ ಹೆಸರು ಉಳಿಯುವುದಿಲ್ಲ. ಅಕ್ಕೋರು ಅಂದರೆ ಮುಗಿಯಿತು. ನಾನು ಕನ್ನಡ ಅಕ್ಕೋರು, ಅವರು ಇಂಗ್ಲಿಷ್ ಅಕ್ಕೋರು. ಗೋಕಾಕದಿಂದ ಮೇಲವಂಕಿಗೆ ಹೋಗುವ ಹಾದಿಯ ಒಂದು ಹೈಸ್ಕೂಲಿಗೆ ಇಬ್ಬರೂ ಒಂದೇ ಬಸ್ಸಿಗೆ ಹೋಗಿ ಒಂದೇ ಬಸ್ಸಿಗೆ ತಿರುಗಿ ಬರುತ್ತಿದ್ದೆವು. ವಯಸ್ಸಿನಲ್ಲಿ ನನಗಿಂತ ಬಹಳ ಹಿರಿಯರು. ಆದರೆ ಬಸ್ಸಿನಲ್ಲಿ ದಿನಾ ಮೊಣಕೈಗೆ ಮೊಣಕೈ ತಾಗಿಸಿ ಕೂತವರಲ್ಲಿ ಹಿರಿತನ ಕಿರಿತನ ಎಷ್ಟು ದಿನ ನಿಲ್ಲುತ್ತದೆ?

ಅವರು ಹುಕ್ಕೇರಿಯ ಜೈನ ವ್ಯಾಪಾರಸ್ಥರ ಮನೆಯ ಮಗಳು. ಮೂಡಲಗಿಗೆ ಕೊಟ್ಟಿದ್ದರು. ಮದುವೆಯಾಗಿ ವರ್ಷ ಕಳೆಯುವುದರೊಳಗೆ ಗಂಡ ತೀರಿಕೊಂಡ. ಅಣ್ಣ ಹೋಗಿ ತಂಗಿಯನ್ನು ಮರಳಿ ಕರೆತಂದು, ಮೂಲೆಗೆ ಕೂಡಿಸದೆ, ಬಿ.ಎ., ಬಿ.ಎಡ್. ಓದಿಸಿ ನೌಕರಿಗೆ ಹಚ್ಚಿದರು. ಆ ಕಾಲದಲ್ಲಿ ಹಾಗೆ ಮಾಡಿದವರು ಎಷ್ಟು ಮಂದಿ! ಮುಂದೆ ಅಣ್ಣ ತಮ್ಮ ಕಾಳುಕಡಿಯ ಅಂಗಡಿಯನ್ನು ಗೋಕಾಕಕ್ಕೆ ತಂದಾಗ ಅಕ್ಕೋರೂ ಬಂದರು. ಅಣ್ಣನನ್ನು ಮನೆಯ ಮಾತಾದ ಮರಾಠಿಯಲ್ಲಿ ದಾದಾ ಎನ್ನುತ್ತಿದ್ದರು. ಊರೂ ದಾದಾ ಎಂದೇ ಕರೆಯುತ್ತಿತ್ತು. ಒಳ್ಳೆಯ ಮನುಷ್ಯ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ಹೇಳುವುದನ್ನು ಓದಿ ಯಾರೂ ಆ ಮನುಷ್ಯನಿಗೆ ರಾಕ್ಷಸನ ಕೋಡು ಹಚ್ಚಬಾರದು.

ಅಕ್ಕೋರದು ಗಿಡ್ಡ ಮೈ, ದೊಡ್ಡ ಛತ್ರಿ. ಯಾವುದಾದರೂ ಸಾಮಾನಿನ ರೇಟು ಕೇಳಿದ ಕೂಡಲೇ ಒಂದು ಕಣ್ಣು ಅರ್ಧ ಮುಚ್ಚುತ್ತಿದ್ದರು. ಆ ಕಣ್ಣು ಕಂಡರೆ ಸಂತೆಯ ಪಲ್ಲೆಯವರು ತಾವಾಗಿಯೇ ಇಳಿಸುತ್ತಿದ್ದರು ಎಂದು ನಾವು ಚೇಷ್ಟೆ ಮಾಡುತ್ತಿದ್ದೆವು. ಹಲಗೆಯ ಮೇಲೆ ಬರೆಯುವ ಖಡುವಿನ ಮೋಟು ಹಿಡಿಯಲಾರದಷ್ಟು ಸಣ್ಣದಾದರೆ ಹಳೆಯ ಪೆನ್ನಿನ ಟೊಪ್ಪಿಗೆಗೆ ಸಿಗಿಸಿ ಬರೆಯುತ್ತಿದ್ದರು. ಹುಡುಗರು ಹಿಂದಿನಿಂದ ಕಂಜೂಸ್ ಅಕ್ಕೋರು ಎನ್ನುವುದು ಅವರಿಗೆ ಗೊತ್ತಿತ್ತು. ಒಮ್ಮೆ ಅದನ್ನೇ ಪಾಠ ಮಾಡಿದರು.

"ಕಂಜೂಸ್ ಅಂದ್ರ ಸ್ಟಿಂಜಿ. ಹೊಟ್ಟಿಗೆ ತಿನ್ನಲಾರದಾಂವ. ಥ್ರಿಫ್ಟಿ ಅಂದ್ರ ಹೊಟ್ಟಿ ತುಂಬ ತಿಂದು, ತಾಟು ಬಳದು ಎದ್ದಾಂವ. ನಾ ಯಾವಾಕಿ ಹೇಳ್ರಿ ನೋಡೂನು?"

"ಥ್ರಿಫ್ಟೀರಿ ಅಕ್ಕೋರ!" ಎಂದು ಇಡೀ ವರ್ಗ ಕೂಗಿತು.

ಇದು ಶನಿವಾರದ ಪಾಠ. ಶನಿವಾರ ಮುಂಜಾನೆಯ ಸಾಲಿ, ಕೊನೆಯ ತಾಸು ಅವರದು. ಆ ತಾಸಿನಲ್ಲಿ ಪಠ್ಯಪುಸ್ತಕ ಮುಚ್ಚಿಸಿ ದಿನಬಳಕೆಯ ರೊಕ್ಕದ ಇಂಗ್ಲಿಷ್ ಕಲಿಸುತ್ತಿದ್ದರು. ಇನ್‌ಕಮ್, ಎಕ್ಸ್‌ಪೆನ್ಸ್, ಸೇವ್, ಸ್ಪೆಂಡ್, ವೇಸ್ಟ್, ಬಾರ್ಗೇನ್, ಡಿಸ್ಕೌಂಟ್. ಪ್ರತಿಯೊಬ್ಬರಿಗೂ ಸುಳ್ಳುಸುಳ್ಳೇ ಒಂದು ಪಗಾರ ಕೊಟ್ಟು, ತಿಂಗಳ ಬಜೆಟ್ ಬರೆದು ತನ್ನಿ ಎನ್ನುವರು. ಬರೀ ಶಬ್ದ ಬಾಯಿಪಾಠ ಮಾಡಿದರೆ ಆಗದು, ಸಂತೆಯಲ್ಲಿ ನಿಂತು ರೇಟು ಕೇಳಿಕೊಂಡೇ ಬರೆಯಬೇಕು. ನಮ್ಮ ಸಾಲಿಯ ಮಕ್ಕಳಿಗೆ ಈರುಳ್ಳಿ, ಬೆಲ್ಲ, ಸೀಮೆಎಣ್ಣೆಗಳ ಇಂಗ್ಲಿಷ್ ಗೊತ್ತಿದ್ದಷ್ಟು ಚೆನ್ನಾಗಿ ಗೋಕಾಕದ ಕಾನ್ವೆಂಟಿನ ಮಕ್ಕಳಿಗೂ ಗೊತ್ತಿರಲಿಲ್ಲ. ಈರುಳ್ಳಿ ಅಂದೆ, ಆದರೆ ಅಕ್ಕೋರು ಮಾದರಿಗೆಂದು ಬರೆಯುವ ಬಜೆಟ್ಟಿನಲ್ಲಿ ಅದು ಎಂದೂ ಇರುತ್ತಿರಲಿಲ್ಲ. ಅವರ ಮನೆಯಲ್ಲಿ ನೆಲದೊಳಗಿನ ಗಡ್ಡೆ ತಿನ್ನುವುದಿಲ್ಲ. ಮಕ್ಕಳು ಬಿಡುತ್ತಾರೆಯೇ? "ಅಕ್ಕೋರ, ಉಳ್ಳಾಗಡ್ಡಿ ಮರ್ತೀರಿ" ಎಂದು ಪ್ರತಿ ವರ್ಷ ಒಬ್ಬರಾದರೂ ಹೇಳುತ್ತಿದ್ದರು. ಅಕ್ಕೋರು ನಕ್ಕು ಕೆಳಗೆ ಆನಿಯನ್ ಎಂದು ಸೇರಿಸುತ್ತಿದ್ದರು.

ಅಫೋರ್ಡ್ ಎಂಬ ಶಬ್ದದ ಬಗ್ಗೆ ಅವರಿಗೆ ಒಂದು ಹೆಮ್ಮೆಯಿತ್ತು. "ಬೆಂಗಳೂರು ಮೈಸೂರಿನ ಮಾಸ್ತರಿಗೆ ಇದನ್ನ ತಿಳಿಸಿ ಹೇಳಾಕ ಅರ್ಧ ತಾಸು ಬೇಕ್ರಿ. ನಮ್ಮ ಹುಡುಗರಿಗೆ ಪರವಡಂಗಿಲ್ಲ ಅಂದ್ರ ಮುಗೀತು" ಎನ್ನುತ್ತಿದ್ದರು. ಕೈಗೆಟುಕುವುದಿಲ್ಲ, ತೂಗುವುದಿಲ್ಲ, ನಮ್ಮ ಮನೆಗೆ ಹೊಂದುವುದಿಲ್ಲ, ಎಲ್ಲವನ್ನೂ ಆ ಒಂದು ಮಾತಿನಲ್ಲಿ ಹೇಳುವವರು ನಾವು.

ಕುರಿ ಸಾಕುವವರ ಮನೆಯ ಹುಡುಗನೊಬ್ಬ ಸೇವಿಂಗ್ಸ್ ಎಂಬಲ್ಲಿ ಎರಡು ಕುರಿಮರಿ ಎಂದು ಬರೆದು ತಂದಿದ್ದ. ಉಳಿದವರು ಬಿದ್ದು ಬಿದ್ದು ನಕ್ಕರು. ಅಕ್ಕೋರು ನಗಲಿಲ್ಲ. "ಇಂವಾ ಬರದಿದ್ದ ಖರೆ ಐತಿ. ಬ್ಯಾಂಕಿನಾಗ ಇಟ್ಟಿದ್ದು ಇಷ್ಟು ಲಗೂನ ಮರಿ ಹಾಕಂಗಿಲ್ಲ" ಎಂದು ಪೂರ್ತಿ ಅಂಕ ಕೊಟ್ಟರು.

ಇಷ್ಟೆಲ್ಲ ಕಲಿಸಿದ ಈ ಹೆಂಗಸಿನ ಕೈಯಲ್ಲಿ ಅವರ ಪಗಾರ ಒಂದು ತಿಂಗಳೂ ಉಳಿದಿರಲಿಲ್ಲ ಎಂಬುದು ನನಗೆ ಗೊತ್ತಾಗಲು ಬಸ್ಸು ಫ್ರೀ ಆಗಬೇಕಾಯಿತು.

ಮೊದಲ ಪಗಾರದ ದಿನ ಅವರು ಲಕೋಟೆಯನ್ನು ಅಣ್ಣನ ಕಾಲಿನ ಹತ್ತಿರ ಇಟ್ಟು ನಮಸ್ಕಾರ ಮಾಡಿದ್ದರಂತೆ. ದಾದಾ ಅದನ್ನು ದೇವರ ಮುಂದೆ ಇಟ್ಟು ತಿಜೋರಿಗೆ ಹಾಕಿದರು. ಮುಂದಿನ ತಿಂಗಳೂ ಹಾಗೇ ಆಯಿತು, ಮತ್ತೆ ಅದೇ ರೂಢಿಯಾಯಿತು. ಲಕೋಟೆ ಹೋಗಿ ಪಾಸ್‌ಬುಕ್ಕು ಬಂತು, ಪಾಸ್‌ಬುಕ್ಕಿನ ಮೇಲೆ ಎಟಿಎಂ ಕಾರ್ಡು ಬಂತು, ಎಲ್ಲವೂ ಅದೇ ತಿಜೋರಿಗೆ. ಬ್ಯಾಂಕಿನ ಮೆಸೇಜು ಬರುವುದೂ ದಾದಾನ ಮೊಬೈಲಿಗೆ. ಅವರ ಮನೆಯಲ್ಲಿ ಇದು ಅಕ್ಕೋರೊಬ್ಬರಿಗೆ ಮಾಡಿದ ನೇಮವೇನಲ್ಲ. ದಾದಾನ ಸೊಸೆ, ನಿಡಸೋಸಿಯಲ್ಲಿ ಎಂಜಿನಿಯರಿಂಗ್ ಓದಿ ಬಂದ ಹುಡುಗಿ, ಗೋಕಾಕದ ಒಂದು ಸೊಸೈಟಿಯಲ್ಲಿ ಕ್ಲಾರ್ಕು. ದಿನವಿಡೀ ಮಂದಿಯ ರೊಕ್ಕ ಎಣಿಸುತ್ತಾಳೆ. ಅವಳ ಕಾರ್ಡೂ ಅಲ್ಲೇ. ಮನೆಯ ರೊಕ್ಕ ಒಂದೇ ಕಡೆ ಇದ್ದರೆ ಮನೆ ಒಂದಾಗಿರುತ್ತದೆ ಎಂಬುದು ದಾದಾನ ಮಾತು.

ಅಕ್ಕೋರ ಕೈಗೆ ಬರುತ್ತಿದ್ದುದು ಸೋಮವಾರ ಮುಂಜಾನೆ ದಾದಾ ಕೊಡುವ ವಾರದ ಬಸ್ ಚಾರ್ಜು. "ಚಾಕ್ಕೂ ಇರಲಿ" ಎಂದು ಸ್ವಲ್ಪ ಹೆಚ್ಚೇ ಹಾಕಿ ಕೊಡುತ್ತಿದ್ದರು. ಬಸ್‌ಸ್ಟ್ಯಾಂಡಿನಿಂದ ಮನೆಗೆ ಆಟೋ ಹಿಡಿಯದೆ ನಡೆದು, ಅದರಲ್ಲೇ ಉಳಿಸುವರು. ಅದರಲ್ಲಿ ನನಗೆ ವಾರಕ್ಕೊಮ್ಮೆ ಚಾ, ಮಿರ್ಚಿ ಭಜಿ. ಸಾಲಿಯ ಬಡ ಹುಡುಗಿಯರಿಗೆ ರಿಫಿಲ್ಲು, ರಿಬ್ಬನ್ನು. ನಾನು ಇದನ್ನು ಪಗಾರದ ರೊಕ್ಕ ಎಂದೇ ತಿಳಿದಿದ್ದೆ. ಯಾರು ತಾನೇ ಬೇರೆ ತಿಳಿಯುತ್ತಾರೆ?

ಹೆಣ್ಣುಮಕ್ಕಳಿಗೆ ಬಸ್ಸು ಫ್ರೀ ಆದ ಮೊದಲ ವಾರ ನಮ್ಮ ಬಸ್ಸು ಜಾತ್ರೆಯಾಗಿತ್ತು. ಸವದತ್ತಿ ಎಲ್ಲಮ್ಮನಿಗೆ ಹೊರಟವರು, ತವರಿಗೆ ಹೊರಟವರು, ಸುಮ್ಮನೆ ಗೋಕಾಕ ಫಾಲ್ಸ್ ನೋಡಿ ಬರೋಣವೆಂದು ಹೊರಟವರು. ನಾನೂ ರೊಕ್ಕ ಕೊಟ್ಟು ಟಿಕೆಟ್ ತೆಗೆಸುವ ಗಂಡಸರ ಮುಖ ನೋಡಿ ನೋಡಿ ಖುಷಿಪಟ್ಟೆ. ಅಕ್ಕೋರು ಮಾತ್ರ ಟಿಕೆಟಿನ ಮೇಲಿನ ಸೊನ್ನೆಯನ್ನು ನೋಡುತ್ತ ಕೂತಿದ್ದರು. ಆ ವಾರ ಚಾಕ್ಕೆ ಕರೆದರೆ "ಚಾ ಬಿಟ್ಟೇನ್ರಿ, ಪಿತ್ತ ಆಗತೈತಿ" ಅಂದರು. ಮುಂದಿನ ವಾರವೂ ಪಿತ್ತ. ನಾನು ಕೊಡಿಸುತ್ತೇನೆ ಬರ್ರಿ ಅಂದರೆ, ಬಂದರು, ಎರಡು ಕಪ್ಪು ಕುಡಿದರು. ಆಗ ನನಗೆ ಸಂಶಯ ಬಂತು.

"ಖರೆ ಹೇಳ್ರಿ, ಏನಾಗೈತಿ?"

"ಏನಿಲ್ಲಬೇ. ಬಸ್ ಫ್ರೀ ಆತಲ್ಲ, ದಾದಾ ಬಸ್ಸಿನ ರೊಕ್ಕ ಕೊಡೂದು ಬಿಟ್ಟ. ಅವನ ತಪ್ಪೇನೈತಿ? ಬಸ್ಸಿಗೆ ಕೊಡ್ತಿದ್ದ, ಬಸ್ಸಿಗೆ ಬ್ಯಾಡಾತು."

"ಮತ್ತ ನಿಮ್ಮ ಪಗಾರ?"

ಆಗ ಹೇಳಿದರು, ಮೇಲೆ ಬರೆದದ್ದನ್ನೆಲ್ಲ, ತೊಗರಿಬೇಳೆಯ ರೇಟು ಹೇಳಿದಂತೆ. ನನ್ನ ಸಿಟ್ಟು ನೆತ್ತಿಗೇರಿತು. ಕೇಳ್ರಿ, ಜಗಳಾಡ್ರಿ, ಬ್ಯಾಂಕಿಗೆ ಹೋಗಿ ಹೊಸ ಕಾರ್ಡು ಮಾಡಿಸ್ರಿ, ನಾನೇ ಬರುತ್ತೇನೆ ಅಂದೆ. ಅಕ್ಕೋರು ತಲೆ ಅಲ್ಲಾಡಿಸಿದರು.

"ಬ್ಯಾಂಕಿಗೆ ಹೋಗಾಕ ಬರತೈತಿ. ಆದ್ರ ನನ್ನ ರೊಕ್ಕ ನಾನ ಕಳವು ಮಾಡಿದಂಗ ಆಗತೈತಿ. ಕೇಳಿದ್ರ ಕೊಡ್ತಾನ್ರಿ, ಯಾವತ್ತೂ ಇಲ್ಲ ಅಂದಿಲ್ಲ. ಆದ್ರ ಕೇಳಬೇಕಲ್ಲ. ಎಲ್ಲಾದಕ್ಕೂ ಕೇಳಬೇಕಲ್ಲ."

ಆ ವರ್ಷದ ಶನಿವಾರದ ಪಾಠಗಳೂ ನಿಲ್ಲಲಿಲ್ಲ. ಒಂದು ಶನಿವಾರ ಗಂಟೆ ಹೊಡೆದರೆ ಕೂಡಿ ಹೊರಡೋಣವೆಂದು ನಾನು ಅವರ ವರ್ಗದ ಬಾಗಿಲಲ್ಲಿ ನಿಂತಿದ್ದೆ. ಮೇಲವಂಕಿಯ ಹುಡುಗಿಯೊಬ್ಬಳು ಎದ್ದು, "ಅಕ್ಕೋರ, ಸುಳ್ಳು ಪಗಾರ ಸಾಕಾತ್ರಿ. ಇವತ್ತ ನಿಮ್ಮ ಖರೆ ಪಗಾರದ ಬಜೆಟ್ ಬರೀರಿ" ಅಂದಳು. ಎಲ್ಲರೂ ಹೂಂ ಹೂಂ ಎಂದರು. ಅಕ್ಕೋರು ಖಡು ತೆಗೆದುಕೊಂಡು ಹಲಗೆಯ ಮೇಲೆ ಇನ್‌ಕಮ್ ಎಂದು ಬರೆದರು. ಬರೆದು ಹಾಗೇ ನಿಂತರು. ಆಮೇಲೆ ಬಾಗಿಲ ಕಡೆ ತಿರುಗಿ ನನ್ನನ್ನು ಕೇಳಿದರು.

"ತುಟ್ಟಿಭತ್ತೆ ಏರಿದ ಮ್ಯಾಲ ನಮ್ಮ ಪಗಾರ ಈಗ ಎಷ್ಟ ಆಗೈತ್ರಿ?"

ಮಕ್ಕಳು ಚೇಷ್ಟೆಯೆಂದು ನಕ್ಕರು. ನಾನು ಅವರ ಸರ್ವಿಸಿನ ಅಂದಾಜಿನ ಮೇಲೆ ಹೇಳಿದೆ, ಅವರು ಬರೆದರು. ಅದರ ಕೆಳಗೆ ಎಕ್ಸ್‌ಪೆನ್ಸಸ್ ಎಂದು ಬರೆದರು, ಅದರ ಮುಂದೆ ಏನೂ ಬರೆಯಲಿಲ್ಲ. "ಎಲ್ಲಾ ಸೇವಿಂಗ್ಸ್ ಏನ್ರಿ ಅಕ್ಕೋರ?" ಎಂದು ಹಿಂದಿನ ಬೆಂಚಿನಿಂದ ಯಾರೋ ಕೇಳಿದರು. ಅಕ್ಕೋರೂ ನಕ್ಕರು. ಗಂಟೆ ಹೊಡೆಯಿತು. ಬಸ್ಸಿನಲ್ಲಿ ಘಟಪ್ರಭೆ ಕಂಡ ಮೇಲೆ, "ರಿಟೈರ್ ಆಗೂದ್ರೊಳಗ ಆ ಕಾರ್ಡ್ ಕೇಳ್ತೀನಿ. ರಿಟೈರ್ ಆದ ಮ್ಯಾಲ ಬರೂ ರೊಕ್ಕಾನಾದ್ರೂ ನನ್ನ ಕೈಯಾಗ ಬರಲಿ" ಅಂದರು.

ಕೇಳಲು ಅವರು ಆರಿಸಿಕೊಂಡ ಭಾಷೆ ಇಂಗ್ಲಿಷ್! ನನಗೆ ಮೊದಲು ನಗು ಬಂತು. ದಾದಾನಿಗೆ ಅಂಗಡಿಗೆ ಬೇಕಾಗುವಷ್ಟು ಇಂಗ್ಲಿಷ್ ತಿಳಿಯುತ್ತಿತ್ತು, ಅದು ಸರಿ. ಆದರೆ ಒಡಹುಟ್ಟಿದವನ ಹತ್ತಿರ ಇಂಗ್ಲಿಷೇ?

"ಮರಾಠ್ಯಾಗ ಕೇಳಿದ್ರ ನಾ ತಂಗಿ ಆಗ್ತೀನಿ, ಕನ್ನಡದಾಗ ಕೇಳಿದ್ರ ಓದಿಸಿದ ಅಣ್ಣನ ಋಣ ನೆಪ್ಪಾಗತೈತಿ. ಕಣ್ಣಾಗ ನೀರ ಬರ್ತಾವು. ಇಂಗ್ಲಿಷಿನ್ಯಾಗ ಹಂಗಿಲ್ಲರಿ. ಕೊಡು ಅಂದ್ರ ಕೊಡು, ಅಷ್ಟ."

ಹೀಗೆ ತಾಲೀಮು ಶುರುವಾಯಿತು. ಗೋಕಾಕ ಬಿಟ್ಟರೆ ಸಾಲಿಯ ಊರು ಬರುವವರೆಗೆ ಕಿಟಕಿಗೆ ಮುಖ ಮಾಡಿ ಮಣಮಣ. ಐ ವಾಂಟ್ ಟು ಹ್ಯಾಂಡಲ್ ಮೈ ಓನ್ ಸ್ಯಾಲರಿ. ಪ್ಲೀಸ್ ಸೇರಿಸಬೇಕೋ ಬೇಡವೋ ಎಂಬುದೇ ಒಂದು ವಾರ ನಡೆಯಿತು. ನಾನು ದಾದಾ ಆಗಿ ಗತ್ತಿನಿಂದ ಕೂರಬೇಕು, ಅವರು ಕೇಳಬೇಕು. ಕಂಡಕ್ಟರನಿಗೂ ಕುತೂಹಲ. "ಅಕ್ಕೋರ, ಟಿಕೆಟ್ ಫ್ರೀ ಐತ್ರಿ. ಇಂಗ್ಲಿಷ್ ಮಾತಾಡಿದ್ರೂ ಅಷ್ಟ, ಬಿಟ್ರೂ ಅಷ್ಟ" ಅಂದ. ಅವತ್ತು ನಾವು ನಕ್ಕಷ್ಟು ಮತ್ತೆಂದೂ ನಕ್ಕಿಲ್ಲ.

ದೀಪಾವಳಿಗೆ ಅಂಗಡಿಯ ಲೆಕ್ಕದ ವಹಿಪೂಜೆ ಮುಗಿದ ಮರುದಿನ ಕೇಳಿದರು. ದಾದಾನ ಮನಸ್ಸು ಅವತ್ತು ಹಗುರಾಗಿರುತ್ತದೆ ಎಂಬ ಲೆಕ್ಕ. ಸಾಲಿ ಸುರುವಾದ ದಿನ ಬಸ್ಸು ಹತ್ತಿದವರ ಮೈಮೇಲೆ ಹೊಸ ಇಳಕಲ್ ಸೀರೆ ಇತ್ತು. ಗೆದ್ದರು ಅಂದುಕೊಂಡು ನಾನು ಅವರ ಕೈ ಹಿಡಿದು ಅಲ್ಲಾಡಿಸಿದೆ.

"ಇಲ್ಲಬೇ," ಅಂದರು. "ಕೇಳಿದೆ, ಚಲೋತಂಗ ಕೇಳಿದೆ. ಇಂಗ್ಲಿಷಿನ್ಯಾಗ ಕೇಳಿ, ತಿಳೀಲಿಲ್ಲೇನೋ ಅಂತ ಮರಾಠ್ಯಾಗೂ ಕೇಳಿದೆ. ಅವಂಗ ಸಿಟ್ಟ ಬರಲಿಲ್ಲ. ಹೊಳ್ಳಿ ನೋಡಿ, ನಿನಗೇನ್ ಬೇಕಾಗೈತಿ ಹೇಳು, ನಾ ತರ್ತೀನಿ ಅಂದ. ನನಗೇನ್ ಬೇಕಂತ ನನಗ ಹೇಳಾಕ ಬರಲಿಲ್ಲ. ಎಷ್ಟ ಯೋಚನಿ ಮಾಡಿದ್ರೂ ಒಂದು ಸಾಮಾನ ಬಾಯಿಗೆ ಬರಲಿಲ್ಲ. ಏನಿಲ್ಲ ದಾದಾ ಅಂದೆ. ಮರುದಿನ ಈ ಸೀರಿ ತಂದ."

ಸೀರೆ ಚೆನ್ನಾಗಿತ್ತು. ಚೆನ್ನಾಗಿಲ್ಲ ಎನ್ನಲು ಬರುವಂತಿರಲಿಲ್ಲ. ಮತ್ತೊಮ್ಮೆ ಕೇಳ್ರಿ ಅಂದೆ. ಹೂಂ ಅಂದರು. ಆಮೇಲೆ ಕಿಟಕಿಗೆ ಮುಖ ಮಾಡಿ ಕೂತರೂ ತಾಲೀಮು ಇರಲಿಲ್ಲ. ಶನಿವಾರದ ಪಾಠ ಮಾತ್ರ ನಡೆದೇ ಇತ್ತು. ಮಕ್ಕಳು ಬಜೆಟ್ ಬರೆದರು, ಉಳ್ಳಾಗಡ್ಡಿ ಮರ್ತೀರಿ ಎಂದರು. ರಿಟೈರಾಗಲು ಇನ್ನೊಂದಿಷ್ಟು ತಿಂಗಳಿತ್ತು. ಒಂದು ಬೆಳಿಗ್ಗೆ ಬಸದಿಗೆ ಹೋಗಿ ಬಂದು ಅಂಗಳದಲ್ಲಿ ಕಾಲು ತೊಳೆದುಕೊಳ್ಳುತ್ತಿದ್ದವರು ಅಲ್ಲೇ ಕುಸಿದರಂತೆ. ದವಾಖಾನೆ ಮುಟ್ಟಲಿಲ್ಲ.

ಮನೆಯವರನ್ನು ಮಾತಾಡಿಸಲು ನಾನು ದಾದಾನ ಮನೆಗೆ ಹೋದದ್ದು ಒಂದು ಸಂಜೆಯ ಮುಂದೆ. ಹೊತ್ತು ಮುಳುಗುವುದರೊಳಗೆ ಊಟ ಮುಗಿಸುವ ಮನೆ, ಅದಕ್ಕೇ ಬೇಗ ಹೋಗಿದ್ದೆ. ಪಡಸಾಲೆಯ ಜಮಖಾನೆಯ ಮೇಲೆ ಅಂಗಡಿಸಾಲಿನ ನಾಲ್ಕಾರು ಮಂದಿ ಕೂತಿದ್ದರು. ದಾದಾ ಗೋಡೆಗೆ ಒರಗಿದ್ದರು. ಒಂದೇ ವಾರದಲ್ಲಿ ಇಷ್ಟು ಇಳಿದುಹೋಗುತ್ತಾರೆಯೇ ಮನುಷ್ಯರು ಅನಿಸಿತು. ನನ್ನನ್ನು ಕಂಡು ಕಣ್ಣೊರೆಸಿಕೊಂಡರು.

"ಆಕಿ ಪಗಾರದಾಗ ಒಂದು ರೂಪಾಯಿ ಮುಟ್ಟಿಲ್ಲರಿ ನಾ," ಅಂದರು. "ಎಲ್ಲಾ ಆಕಿ ಹೆಸರಿನ್ಯಾಗ ಹಂಗ ಐತಿ. ಮುಂದ ಆಕಿಗೆ ಆಸರಾಕ್ಕ ಬೇಕಂತ ಇಟ್ಟಿದ್ದೆ. ಈಗ ಏನ್ ಮಾಡ್ಲಿ ಅದನ್ನ ತಗೊಂಡು?" ಎಂದು ಅತ್ತರು. ಕೂತವರೂ ಕಣ್ಣಿಗೆ ಟವೆಲು ಹಚ್ಚಿಕೊಂಡರು. ಸುಳ್ಳು ಅಳುವಲ್ಲ ಅದು. ನನಗೆ ಮಾತ್ರ ಏನೂ ಆಗಲಿಲ್ಲ. ಗೋಡೆಯ ಮೇಲಿನ ಕ್ಯಾಲೆಂಡರು ನೋಡುತ್ತ ಕೂತೆ.

ಆಮೇಲೆ ದಾದಾ ತಂಗಿಯ ಗುಣ ಹೇಳಲು ಹತ್ತಿದರು. ಹೋದವರ ಮನೆಯಲ್ಲಿ ಅದೇ ಮಾತಲ್ಲವೇ? ಊಟಕ್ಕೆ ಇಂಥದ್ದು ಬೇಕು ಅಂದವಳಲ್ಲ, ಎದುರು ಮಾತಾಡಿದವಳಲ್ಲ. ಕೊನೆಗೆ ಎಲ್ಲರ ಮುಖ ನೋಡಿ ಅಂದರು:

"ತನಗಂತ ಜನ್ಮದಾಗ ಏನೂ ಕೇಳಿದಾಕಿ ಅಲ್ರಿ ನಮ್ಮ ತಂಗಿ."

ಎಲ್ಲರೂ ಹೌದ್ರಿ ಹೌದ್ರಿ ಎಂದರು. ಇಂಥ ಹೊತ್ತಿನಲ್ಲಿ ಸುಮ್ಮನಿರಬೇಕು ಎಂಬ ತಿಳಿವಳಿಕೆ ನನಗಿದೆ. ಆದರೂ ಬಾಯಿ ತಾನಾಗಿ ತೆರೆಯಿತು.

"ಕೇಳಿದ್ರರಿ ದಾದಾ. ದೀಪಾವಳಿ ಮರುದಿನ. ತಮ್ಮ ಕಾರ್ಡ್ ಕೇಳಿದ್ರು."

ದಾದಾ ನನ್ನ ಕಡೆ ನೋಡಿದರು. ಅಡಗಿಸುವ ಮುಖವಲ್ಲ, ನಿಜವಾಗಿ ನೆನಪಿಸಿಕೊಳ್ಳುವ ಮುಖ. ಹಣೆ ನೇವರಿಸಿಕೊಂಡರು. "ಹೌದೇನ್ರಿ? ನನಗ ನೆಪ್ಪ ಇಲ್ಲ ನೋಡ್ರಿ" ಅಂದರು. ಇಡೀ ಮಳೆಗಾಲ ಬಸ್ಸಿನಲ್ಲಿ ತಾಲೀಮು ಮಾಡಿದ ಮಾತು ಆ ಮನುಷ್ಯನ ಕಿವಿಯಲ್ಲಿ ಒಂದು ದಿನವೂ ನಿಂತಿರಲಿಲ್ಲ.

"ಕೇಳಿದ್ರು ಮಾವಾರ."

ಸೊಸೆ ಚಾದ ತಾಟು ಹಿಡಿದು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಅಲ್ಲಿಯವರೆಗೆ ಆ ಹುಡುಗಿ ಹತ್ತು ಮಂದಿಯ ನಡುವೆ ಮಾತಾಡಿದ್ದನ್ನು ನಾನು ಕಂಡಿರಲಿಲ್ಲ.

"ನಾ ಇಲ್ಲೇ ಇದ್ದೆ. ಅವರು ಎರಡು ಸಲ ಕೇಳಿದ್ರು," ಅಂದಳು. ಒಳಗೆ ಬಂದು ಎಲ್ಲರ ಮುಂದೆ ಒಂದೊಂದು ಕಪ್ಪು ಇಟ್ಟಳು. ದಾದಾನ ಮುಂದಿನ ಕಪ್ಪು ಇಟ್ಟವಳು ಹಿಂದೆ ಸರಿಯಲಿಲ್ಲ. "ನನ್ನ ಕಾರ್ಡೂ ಅಲ್ಲೇ ಐತ್ರಿ ಮಾವಾರ. ಅದನ್ನ ನನಗ ಕೊಡ್ರಿ."

ಕೂತವರಲ್ಲಿ ಒಬ್ಬರು ಕೆಮ್ಮಿದರು. ದಾದಾ ಸೊಸೆಯ ಮುಖವನ್ನೂ ನಮ್ಮ ಮುಖಗಳನ್ನೂ ನೋಡಿದರು. ಸಿಟ್ಟಾಗಲಿಲ್ಲ, ಎಂದಿನ ಮೆತ್ತಗಿನ ದನಿಯಲ್ಲೇ ಕೇಳಿದರು.

"ಇಂಥಾ ಹೊತ್ತಿನ್ಯಾಗ ಯಾಕವಾ? ನಿನಗೇನ್ ಬೇಕಾಗೈತಿ ಹೇಳು, ನಾ ತರ್ತೀನಿ."

"ಏನೂ ಬ್ಯಾಡ್ರಿ," ಅಂದಳು ಆಕೆ. "ಕಾರ್ಡ್ ಬೇಕು."

ದಾದಾ ಚಾ ಮುಟ್ಟದೆ ಗೋಡೆ ಹಿಡಿದುಕೊಂಡು ಎದ್ದು ಒಳಗೆ ಹೋದರು. ತಿಜೋರಿ ತೆರೆದ ಸಪ್ಪಳ ಪಡಸಾಲೆಯಲ್ಲಿ ಕೂತ ನಮಗೆಲ್ಲ ಕೇಳಿಸಿತು.